ಗಡುವು ಮುಗಿದ ರಾತ್ರಿಯ ಕೋಪ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಚಳಿಗಾಲದ ವರ್ಗಾವಣೆ ಅವಧಿ (ಆಟಗಾರರನ್ನು ಕೊಳ್ಳಲು, ಮಾರಲು ಇರುವ ಕಾಲಾವಕಾಶ) ಮುಗಿದಾಗಲೆಲ್ಲ ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾದು ಕುಳಿತ ಹುಡುಗರ ನಡುವೆಯೂ ಯಾವ ತಂಡ ಯಾರನ್ನು ಕೊಂಡಿತು ಎಂಬ ಚರ್ಚೆಯೇ ನಡೆಯುತ್ತದೆ. ಅಲ್ಲಿನ ಗಡುವು ಮುಗಿಯುವ ಹೊತ್ತಿಗೆ ನಮಗೆ ನಡುರಾತ್ರಿ ದಾಟಿರುವುದರಿಂದ, ನಿದ್ದೆಗೆಟ್ಟು ಕಾದವರಿಗೆ ತಮ್ಮ ತಂಡ ಯಾರನ್ನೂ ಕೊಳ್ಳಲಿಲ್ಲವೆಂದು ತಿಳಿದಾಗ ಕೋಪ ಬರುವುದು ಸಹಜವೇ. (ನಾನೂ ಹಾಗೆ ಕಾದವನೇ.)

ಆದರೆ ಕೊನೆಯ ದಿನದ ಖರೀದಿಯೇ ಕ್ಲಬ್ಬಿನ ಶ್ರದ್ಧೆಗೆ ಅಳತೆಗೋಲು ಎಂಬ ಅವರ ವಾದವನ್ನು ನಾನು ಒಪ್ಪಲಾರೆ. 2011ರ ಜನವರಿ 31ರಂದು ಫರ್ನಾಂಡೊ ಟೊರೆಸ್ ಅವರನ್ನು ಚೆಲ್ಸಿಗೆ 5 ಕೋಟಿ ಪೌಂಡ್‌ಗೆ ಮಾರಿದ ಲಿವರ್‌ಪೂಲ್, ಅದೇ ದಿನ 3.5 ಕೋಟಿ ಪೌಂಡ್ ತೆತ್ತು ತಂದ ಆ್ಯಂಡಿ ಕ್ಯಾರೊಲ್ ಆ ತಂಡದ ಪರ ಲೀಗ್‌ನಲ್ಲಿ ಹೊಡೆದದ್ದು ಕೇವಲ 6 ಗೋಲು. ಅವರಿಗಿಂತ ಕಡಿಮೆ ಬೆಲೆಗೆ ಅದೇ ತಂಡಕ್ಕೆ ಬಂದ ಲೂಯಿಸ್ ಸುವಾರೆಜ್ ಲೀಗ್‌ನಲ್ಲಿ 69 ಗೋಲು ಹೊಡೆದರು. 2006ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಪ್ಯಾಟ್ರಿಸ್ ಎವ್ರಾ ಅವರನ್ನು ಮೊದಲ ಪಂದ್ಯದಲ್ಲೇ, ಅದೂ ಅದೇ ನಗರದ ಎದುರಾಳಿ ಮ್ಯಾಂಚೆಸ್ಟರ್ ಸಿಟಿ ತಂಡದ ವಿರುದ್ಧ, ವಿರಾಮದ ವೇಳೆಗೆ ಹೊರಗೆ ಕೂರಿಸಲಾಗಿತ್ತು. ಅಂದೇ ಅವರ ಮೇಲೆ ತೀರ್ಪು ಕೊಟ್ಟಿದ್ದರೆ, ಮುಂದೆ ಯುನೈಟೆಡ್ ತಂಡದ ನಾಯಕತ್ವವನ್ನೂ ವಹಿಸಿದ ಆಟಗಾರನನ್ನು ಕಳೆದುಕೊಳ್ಳಬೇಕಾಗುತ್ತಿತ್ತು.

ಲೀಗ್ ಋತುವಿನ ನಡುವೆ ಒಳ್ಳೆಯ ಆಟಗಾರನನ್ನು ಬಿಟ್ಟುಕೊಡಲು ಯಾವ ಕ್ಲಬ್ಬೂ ಸುಲಭಕ್ಕೆ ಒಪ್ಪದು. ಒಪ್ಪಿದರೂ ಬೆಲೆ ಏರಿಸಿಯೇ ಒಪ್ಪುತ್ತದೆ. ಎಂಜೊ ಫರ್ನಾಂಡಿಸ್‌ಗಾಗಿ 2023ರಲ್ಲಿ ಚೆಲ್ಸಿ ಹತ್ತು ಕೋಟಿಗೂ ಹೆಚ್ಚು ಪೌಂಡ್ ಕೊಟ್ಟಿದ್ದೂ ಕೊನೆಯ ದಿನದಂದೇ. ತಮ್ಮ ಪತ್ರಿಕೆಯ ಕ್ರೀಡಾಪುಟವು ಬೆಲೆಯ ಅಂಕಿಯ ಜೊತೆಗೆ ಒಪ್ಪಂದದ ಅವಧಿ, ಎರವಲು ಆಟಗಾರರ ಷರತ್ತುಗಳನ್ನೂ ನಾಲ್ಕು ಸಾಲಿನಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

– ಒಬ್ಬ ಫುಟ್‌ಬಾಲ್ ಅಭಿಮಾನಿ, ದಾವಣಗೆರೆ