ಗೇರ್ ಹೇಳಿಕೊಟ್ಟವರಿಗೆ

ಹಾಸನದಿಂದ ಹೊರಟು ಬೇಲೂರು, ಚಿಕ್ಕಮಗಳೂರು, ಅಯ್ಯನಕೆರೆ, ಮುಳ್ಳಯ್ಯನಗಿರಿ, ಮೂಡಿಗೆರೆ, ಸಕಲೇಶಪುರ ಸುತ್ತಿಕೊಂಡು ಮನೆಗೆ ಬಂದೆ. ಕಾರಿನಲ್ಲಿ ನಾನೊಬ್ಬಳೇ. ಅಪಘಾತ ಆದ ಮೇಲೆ ನಾನು ಸ್ಟೇರಿಂಗ್ ಮುಟ್ಟಿರಲಿಲ್ಲ ಅಂತ ಗೊತ್ತಿರುವವರೆಲ್ಲ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ಕಾಲಿಗೆ ರಾಡ್ ಹಾಕಿದ್ದರು. ಮೂಳೆ ಕೂಡಿತು, ಭಯ ಮಾತ್ರ ಹಾಗೇ ಉಳಿಯಿತು. ಮಳೆಯಲ್ಲಿ ತಿರುವು ಬಂದರೆ ಪಕ್ಕದ ಸೀಟಿನಲ್ಲಿ ಕೂತಿದ್ದರೂ ನನ್ನ ಕಾಲು ಬ್ರೇಕ್ ಹುಡುಕುತ್ತಿತ್ತು. "ಧೈರ್ಯವಾಗಿರಿ" ಅಂದವರು ಬಹಳ ಜನ. ಅವರಿಗೂ ಥ್ಯಾಂಕ್ಸ್. ಆದರೆ ನಿಜ ಹೇಳಬೇಕಂದ್ರೆ, ಧೈರ್ಯ ಹೇಳಿದವರಿಗಿಂತ ಗೇರ್ ಹೇಳಿಕೊಟ್ಟವರಿಂದ ನನಗೆ ಜಾಸ್ತಿ ಉಪಕಾರ ಆಯಿತು.

ಮೊದಲಿಗೆ ಡ್ರೈವಿಂಗ್ ಮೇಷ್ಟ್ರು. ಲೈಸೆನ್ಸ್ ಇದ್ದವಳು ಮತ್ತೆ ಕಲಿಯಲು ಬಂದೆ ಅಂತ ಅವರು ನಗಲಿಲ್ಲ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸುವುದು, ಕಾರು ಹಿಂದಕ್ಕೆ ಜಾರದಂತೆ ಹೊರಡುವುದು. ಇದೇ ಪಾಠ, ದಿನಾ. "ಕ್ಲಚ್ ಹಿಡಿದಾಗ ಬಾನೆಟ್ ಸ್ವಲ್ಪ ಮೇಲೇಳುತ್ತೆ ಮೇಡಂ, ಆಗ ಹ್ಯಾಂಡ್ ಬ್ರೇಕ್ ಬಿಡಿ" ಅನ್ನುತ್ತಿದ್ದರು. ಇಳಿಜಾರಿಗೆ ಬೇರೆ ಮಾತು: "ಹತ್ತಿದ ಗೇರಲ್ಲೇ ಇಳೀಬೇಕು. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಅದು ಕಾದುಬಿಡುತ್ತೆ, ಆಮೇಲೆ ಹಿಡಿಯಲ್ಲ." ಪಾದಕ್ಕೆ ರಬ್ಬರ್ ಪಟ್ಟಿ ಕಟ್ಟಿ ಪೆಡಲ್ ಒತ್ತುವ ಅಭ್ಯಾಸ ಮಾಡಿಸಿದ ಫಿಸಿಯೋಥೆರಪಿ ಹುಡುಗಿಗೂ, ಅತ್ತೆಯನ್ನು ನೋಡಿಕೊಂಡು ನನ್ನನ್ನು ಕಳಿಸಿಕೊಟ್ಟ ನಾದಿನಿಗೂ ನಾನು ಋಣಿ.

ಅಯ್ಯನಕೆರೆ ಏರಿಯ ಹತ್ತಿರ ಸಿಕ್ಕ ಅಜ್ಜನ ಬಗ್ಗೆ ಸ್ವಲ್ಪ ಹೇಳಲೇಬೇಕು. ಸಖರಾಯಪಟ್ಟಣದ ಪಕ್ಕದ ಕೆರೆ ಇದು. 1156ರಲ್ಲಿ, ಹೊಯ್ಸಳರ ಕಾಲದಲ್ಲೇ, ಇದನ್ನು ದುರಸ್ತಿ ಮಾಡಿದ್ದರಂತೆ. ಅಂದರೆ ಕೆರೆ ಅದಕ್ಕಿಂತ ಹಳೆಯದು. ಮಳೆಗಾಲ ಮುಗಿದಿತ್ತು, ನೀರು ಭರ್ತಿ, ಎದುರಿಗೆ ಶಕುನಗಿರಿ. ಅಜ್ಜ "ಒಬ್ರೇನಾ?" ಅಂದರು. ಹೌದು ಅಂದೆ. ಯಾಕೆ, ಏನು, ಯಜಮಾನರೆಲ್ಲಿ ಅಂತ ಮುಂದೆ ಕೇಳಲೇ ಇಲ್ಲ. "ಕಾರು ಇಲ್ಲೇ ಬಿಡವ್ವ, ಮುಂದೆ ತಿರುಗಿಸೋದು ಕಷ್ಟ" ಅಂದು ನೀರಿನ ವಿಷಯಕ್ಕೆ ಬಂದರು. ಇಲ್ಲಿಂದ ಹೊರಡುವುದು ವೇದಾ. ಮದಗದ ಕೆರೆ ಕಡೆಯಿಂದ ಅವತಿ. ಕಡೂರಿನ ಹತ್ತಿರ ಎರಡೂ ಕೂಡಿ ವೇದಾವತಿ, ಮುಂದೆ ಮಾರಿಕಣಿವೆ ಅಣೆಕಟ್ಟು.

ನಾನು ಬೇಲೂರಿನ ಹತ್ತಿರ ಯಗಚಿ ಅಣೆಕಟ್ಟು ನೋಡಿಕೊಂಡೇ ಬಂದಿದ್ದೆ. ಯಗಚಿಯೂ ಇದೇ ಬಾಬಾಬುಡನ್ ಸಾಲಿನ ನೀರು. ಅದು ಗೊರೂರಿನ ಕಡೆ ಹೇಮಾವತಿಗೆ ಸೇರಿ ಕಾವೇರಿಗೆ ಹೋಗುತ್ತದೆ. ವೇದಾವತಿ ತುಂಗಭದ್ರೆಯ ಮೂಲಕ ಕೃಷ್ಣೆಗೆ. ಒಂದೇ ಬೆಟ್ಟದ ಸಾಲಿನ ಮಳೆ, ಈ ಮಗ್ಗುಲಿಗೆ ಬಿದ್ದರೆ ಕಾವೇರಿ, ಆ ಮಗ್ಗುಲಿಗೆ ಬಿದ್ದರೆ ಕೃಷ್ಣೆ! ಹಾಸನದಲ್ಲೇ ಹುಟ್ಟಿ ಬೆಳೆದರೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಅಜ್ಜನಿಗೆ ಕೈಮುಗಿದೆ. ಅವರು ಎಲೆಯಡಿಕೆ ಕೊಟ್ಟರು.

ಮುಳ್ಳಯ್ಯನಗಿರಿಗೆ ವಾರದ ಮಧ್ಯೆ ಹೋದೆ. ರಜೆ ದಿನ ಅಲ್ಲಿ ಗಾಡಿಗಳದೇ ಜಾತ್ರೆ. 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ. ಸೀತಾಳಯ್ಯನಗಿರಿ ದಾಟಿದ ಮೇಲೆ ದಾರಿ ಕಿರಿದು, ಮೇಲಿಂದ ಮಂಜು ಬೇರೆ. ಎದುರಿಗೆ ಒಂದು ಜೀಪ್ ಬಂತು. ನನ್ನ ಕೈ ಬೆವರಿತು. ಡ್ರೈವರ್ ಹಾರ್ನ್ ಹೊಡೆಯಲಿಲ್ಲ. ಅಗಲ ಇರುವ ಜಾಗದ ತನಕ ರಿವರ್ಸ್ ಹೋಗಿ ನಿಂತರು. ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನುವುದು ನಿಯಮ. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ನಿಮಗೇ ಗೊತ್ತು. ಪಕ್ಕಕ್ಕೆ ಬಂದಾಗ ಗಾಜು ಇಳಿಸಿ ಹೇಳಿದರು: "ಹೈ ಬೀಮ್ ಆಫ್ ಮಾಡಿ ಅಕ್ಕ, ಮಂಜಲ್ಲಿ ಬರೀ ಬಿಳಿ ಗೋಡೆ ಕಾಣುತ್ತೆ. ಫಸ್ಟ್ ಗೇರಲ್ಲೇ ನಿಧಾನ ಬನ್ನಿ." ಡಿಮ್ ಹಾಕಿದ ತಕ್ಷಣ ರಸ್ತೆಯ ಅಂಚು ಕಂಡಿತು. ಮೆಟ್ಟಿಲು ಹತ್ತಿ ಗದ್ದುಗೆಗೆ ಕೈಮುಗಿದು ಸುತ್ತ ನೋಡಿದರೆ ಏನೂ ಇಲ್ಲ, ಮಂಜೋ ಮಂಜು. ಸುಮ್ನೆ ಕೂತು ತಂದಿದ್ದ ಚಿತ್ರಾನ್ನ ತಿಂದೆ. ಅಷ್ಟು ರುಚಿಯಾದ ಚಿತ್ರಾನ್ನ ನಾನು ಮಾಡಿದ್ದು ಅದೇ ಮೊದಲಿರಬೇಕು.

ಮೂಡಿಗೆರೆ ದಾಟಿ ಸಕಲೇಶಪುರದ ಕಡೆ ಬರುವಾಗ ಟೈರ್ ಪಂಕ್ಚರ್. ಸಂಜೆಯಾಗಿತ್ತು. ತೋಟಗಳಲ್ಲಿ ಅರೇಬಿಕಾ ಹಣ್ಣು ಕೆಂಪಾಗುವ ಕಾಲ. ಕೊಯ್ಲು ಮುಗಿಸಿ ಮನೆಗೆ ಹೊರಟವರ ಪಿಕಪ್ ಒಂದು ತಾನಾಗೇ ನಿಂತಿತು. ನನ್ನ ಸ್ಪ್ಯಾನರ್‌ಗೆ ನಟ್ಟು ಜಗ್ಗಲಿಲ್ಲ. ಅವರು ತಮ್ಮ ಉದ್ದನೆಯ ವೀಲ್ ಸ್ಪ್ಯಾನರ್ ತಂದರು. "ಗಾಡಿ ಎತ್ತೋ ಮೊದ್ಲೇ ನಟ್ಟು ಸಡಿಲ ಮಾಡ್ಬೇಕು ಅಕ್ಕ, ಎತ್ತಿದ ಮೇಲೆ ಚಕ್ರ ತಿರುಗುತ್ತೆ" ಅಂದು ಮೊದಲ ನಟ್ಟು ಅವರು ಬಿಚ್ಚಿ ಉಳಿದದ್ದನ್ನು ನನ್ನ ಕೈಲೇ ಬಿಚ್ಚಿಸಿದರು. ಕೆಲಸ ಮುಗಿಸಿ ಬಂದಿದ್ದ ಹೆಂಗಸರು ಮೊಬೈಲ್ ಬೆಳಕು ಹಿಡಿದು ನಿಂತಿದ್ದರು. ದುಡ್ಡು ಮುಟ್ಟಲಿಲ್ಲ. ನಾನು ಬಲವಂತ ಮಾಡುವಷ್ಟರಲ್ಲಿ ಹೊರಟೇಬಿಟ್ಟರು.

ಹೆಸರು ಕೇಳಿಕೊಳ್ಳಲೂ ಆಗಲಿಲ್ಲ. ಬಿಳಿ ಪಿಕಪ್, ಹಿಂದೆ ನೀಲಿ ಟಾರ್ಪಾಲು. ಮೂಡಿಗೆರೆ ಕಡೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವರಿಗೆ ತಿಳಿಸಿ. ಆ ವೀಲ್ ಸ್ಪ್ಯಾನರ್ ನನ್ನ ಡಿಕ್ಕಿಯಲ್ಲೇ ಉಳಿದುಬಿಟ್ಟಿದೆ. ಎಲ್ಲಿಗೆ ಬರಬೇಕು ಅಂತ ಹೇಳಿದರೆ ನಾನೇ ಡ್ರೈವ್ ಮಾಡಿಕೊಂಡು ಬಂದು ಕೊಡುತ್ತೇನೆ.