ತೂಕದ ದಿನ ತಾಯಂದಿರೂ ಕೈಜೋಡಿಸಲಿ

ಮಾನ್ಯರೆ,

1975ರಲ್ಲಿ ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಶುರುವಾದ ಅಂಗನವಾಡಿ ಇಂದು ಊರೂರಲ್ಲಿದೆ. ಆದರೆ ಅದರ ಕೆಲಸಕ್ಕೆ ನೆರವಾಗಬೇಕಾದ ಊರವರ ಬಾಲವಿಕಾಸ ಸಮಿತಿ ಹಲವೆಡೆ ಸಹಿ ಹಾಕುವುದಕ್ಕಷ್ಟೇ ಸೀಮಿತವಾಗಿರುವುದು ಬೇಸರದ ಸಂಗತಿ. ಸಮಿತಿಯ ತಾಯಂದಿರು ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವ ದಿನ ಕಾರ್ಯಕರ್ತೆಯ ಜೊತೆ ನಿಂತರೆ ಬಹಳಷ್ಟು ಸರಿಹೋಗುತ್ತದೆ.

ಮೊದಲು ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಬೇಕು. ಸ್ವೆಟರ್, ಚಪ್ಪಲಿ, ಕಾಲ್ಗಡಗ ತೆಗೆಸಬೇಕು. ಅರ್ಧ ಕಿಲೋ ಹೆಚ್ಚು ತೋರಿದರೂ ಸೊರಗಿದ ಮಗು ಬೆಳವಣಿಗೆ ಚಾರ್ಟಿನಲ್ಲಿ ಸರಿಯಾದ ತೂಕ ತೋರಿಸುವ ಹಸಿರು ಪಟ್ಟಿಗೆ ಏರಿಬಿಡಬಹುದು, ಆಮೇಲೆ ಯಾರ ಕಣ್ಣಿಗೂ ಬೀಳದು. ಎರಡು ತಿಂಗಳು ಚಾರ್ಟಿನ ತೂಕದ ಗೆರೆ ಮೇಲೇರದೆ ಅಡ್ಡಕ್ಕೆ ಸಾಗಿದರೆ ಮನೆಗೇ ಹೋಗಿ ವಿಚಾರಿಸಬೇಕು: ಭೇದಿಯಾಗಿತ್ತೇ? ತಾಯಿ ಕೂಲಿಗೆ ಹೋದಾಗ ಉಣಿಸುವವರಿದ್ದಾರೆಯೇ? ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.

ಅಂಗನವಾಡಿಗೆ ಆಟಿಕೆ ಒದಗಿಸುವುದಕ್ಕೂ ಸಮಿತಿ ಕೈಜೋಡಿಸಬಹುದು, ಅದಕ್ಕೆ ದುಡ್ಡೇನೂ ಬೇಡ. ನುಣ್ಣಗೆ ಉಜ್ಜಿದ ತೆಂಗಿನ ಚಿಪ್ಪು, ಮರದ ತುಂಡು ಸಾಕು. ಹುಣಸೆಬೀಜ, ಗೋಲಿ ಮಾತ್ರ ಮೂರು ವರ್ಷದೊಳಗಿನವರಿಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ.

ಕೆಟ್ಟ ತಕ್ಕಡಿಗಳನ್ನು ಇಲಾಖೆ ಕೂಡಲೇ ರಿಪೇರಿ ಮಾಡಿಸಲಿ, ತೂಕದ ದಿನಾಂಕವನ್ನು ಅಂಗನವಾಡಿಯ ಬಾಗಿಲ ಮೇಲೆ ಬರೆಸಲಿ.

– ಬಾಲವಿಕಾಸ ಸಮಿತಿಯೊಂದರ ಸದಸ್ಯರು