ತುದಿ ಇಲ್ಲದ ಏಣಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಭಾನುವಾರ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಅಮ್ಮಾ, ಎಕ್ಸಾಂ ಅಂತ ಎರಡು ತಿಂಗಳು ಆಟ ಮುಟ್ಟಲಿಲ್ಲ. ಈಗ ಹೋದ್ರೆ ಗಿಲ್ಡ್‌ನವರು, ಅದೇ ನಮ್ಮ ಆಟದ ತಂಡದವರು, ಬಾಸ್ ಅನ್ನೋ ದೊಡ್ಡ ಶತ್ರುನ ಹೊಡೆಯೋಕೆ ನನ್ನ ಕರೀತಾನೇ ಇಲ್ಲ. ನಿನ್ನ ಪವರ್ ಸಾಲಲ್ಲ ಅಂತಾರೆ. ಎಷ್ಟು ಆಡಿದ್ರೂ ಅವರನ್ನ ಹಿಡಿಯೋಕೆ ಆಗಲ್ಲಮ್ಮ." ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. "ಆಟ ತಾನೇ, ಬಿಡು" ಅಂದುಬಿಟ್ಟೆ. ನೀನು "ಹೂಂ" ಅಂತ ಫೋನ್ ಇಟ್ಟೆ. ಆ "ಹೂಂ" ನನಗೆ ಗೊತ್ತು. ಚಿಕ್ಕವಳಿದ್ದಾಗಲೂ ಅಳು ತಡೆದುಕೊಂಡಾಗ ಹಾಗೇ ಅನ್ನುತ್ತಿದ್ದೆ.

ನಾನು ಹಾಗೆ ಹೇಳಬಾರದಿತ್ತು. ಅದರಲ್ಲೂ ನಾನು ಹೇಳಬಾರದಿತ್ತು. ಯಾಕೆಂದರೆ ನಾನೂ ಇಂಥ ಆಟ ಆಡಿದವಳು. ಆ ಕಥೆಯನ್ನು ನಿನಗೆ ಯಾವತ್ತೂ ಪೂರ್ತಿ ಹೇಳಿಲ್ಲ.

2005. ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಮನೆ ಹತ್ತಿರ ಒಂದು ಸೈಬರ್ ಕೆಫೆ. ಗಂಟೆಗೆ 20 ರೂಪಾಯಿ. ಪ್ಲೈವುಡ್ ಅಡ್ಡ ಇಟ್ಟು ಮಾಡಿದ ಇಕ್ಕಟ್ಟಾದ ಗೂಡುಗಳು, ಅಕ್ಷರ ಅಳಿಸಿಹೋದ ಕೀಬೋರ್ಡು. ನಾನೂ ನಿನ್ನ ಮಾಮನೂ ಒಂದೇ ದಿನ, ಅಕ್ಕಪಕ್ಕದ ಗೂಡಿನಲ್ಲಿ ಕೂತು, ರೂನ್‌ಸ್ಕೇಪ್‌ನಲ್ಲಿ ಅಕೌಂಟ್ ಮಾಡಿದೆವು. ಇಂಗ್ಲೆಂಡಿನ ಕೇಂಬ್ರಿಡ್ಜ್‌ನವರು 2001ರಲ್ಲಿ ಶುರು ಮಾಡಿದ ಆಟ ಅದು. ಬ್ರೌಸರ್‌ನಲ್ಲೇ ಓಡುತ್ತಿತ್ತು, ಏನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ. ಕೆಫೆಯಲ್ಲಿ ಆಡುವವರಿಗೆ ಅದೇ ದೊಡ್ಡ ಅನುಕೂಲ.

ಆ ಆಟದಲ್ಲಿ ಡ್ರೇನರ್ ಅಂತ ಒಂದು ಹಳ್ಳಿ. ಬ್ಯಾಂಕಿನ ಹತ್ತಿರವೇ ನೀರು, ನೀರಿನ ಅಂಚಿಗೆ ವಿಲೋ ಮರಗಳು. ಮರ ಕಡಿಯೋದು, ಚೀಲದಲ್ಲಿ 28 ತುಂಡು ತುಂಬಿದ ಮೇಲೆ ಬ್ಯಾಂಕಿಗೆ ಹಾಕಿ ಬರೋದು, ಮತ್ತೆ ಕಡಿಯೋದು. ಒಂದು ತುಂಡಿಗೆ 67.5 ಎಕ್ಸ್‌ಪಿ, ಅಂದರೆ ಅನುಭವದ ಅಂಕ. ಅದು ಕೂಡುತ್ತಾ ಹೋದ ಹಾಗೆ ಲೆವೆಲ್ ಏರುತ್ತದೆ. ಮರ ಎಲ್ಲರಿಗೂ ಸೇರಿ ಒಂದೇ. ಯಾರದೋ ಕೊಡಲಿಗೆ ಅದು ಬಿದ್ದರೆ ಸುತ್ತ ನಿಂತವರೆಲ್ಲ ಅದು ಮತ್ತೆ ಬೆಳೆಯುವ ತನಕ ಕಾಯಬೇಕಿತ್ತು. ನನಗೆ ಅದು ತುಂಬಾ ಇಷ್ಟವಾಗಿತ್ತು, ಪುಟ್ಟಿ. ಲೆವೆಲ್ ಏರಿದಾಗ ಪಟಾಕಿ ಹಾರುತ್ತಿತ್ತು. ಪಕ್ಕದಲ್ಲಿ ನಿಂತ, ಯಾವ ದೇಶದವರೋ ಗೊತ್ತಿಲ್ಲದವರು "ಗ್ರಾಟ್ಸ್", ಅಂದರೆ ಅಭಿನಂದನೆ, ಅಂತ ಬರೆಯುತ್ತಿದ್ದರು.

ಮೂರು ತಿಂಗಳಾದ ಮೇಲೆ ನೋಡಿದರೆ ಮರ ಕಡಿಯುವುದರಲ್ಲಿ ನಿನ್ನ ಮಾಮ 60ನೇ ಲೆವೆಲ್, ನಾನು 40. ಅವನು ಮೇಲಿನ ಲೆವೆಲ್‌ನ ಯೂ ಮರ ಕಡಿಯೋಕೆ ಹೋದ. ನಾನು ಡ್ರೇನರ್‌ನಲ್ಲೇ ಉಳಿದೆ. ಕೆಫೆಯಲ್ಲಿದ್ದವರೆಲ್ಲ "ನಿಮ್ಮಣ್ಣ ಚುರುಕು" ಅಂದರು. ನಾನೂ ಹಾಗೇ ನಂಬಿದೆ. ನನಗೆ ಇದೆಲ್ಲ ಬರಲ್ಲ ಅಂತ ಸುಮ್ಮನಾದೆ.

ಎಷ್ಟೋ ವರ್ಷದ ಮೇಲೆ, ಒಂದು ರಾತ್ರಿ ನಿದ್ದೆ ಬಾರದೆ, ಆ ಆಟದ ಲೆವೆಲ್ ಪಟ್ಟಿ ತೆಗೆದು ಲೆಕ್ಕ ಹಾಕಿದೆ. 40ನೇ ಲೆವೆಲ್‌ಗೆ ಬೇಕಾದ ಎಕ್ಸ್‌ಪಿ 37,224. 60ಕ್ಕೆ 2,73,742. ಏಳು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಆಗ ನೆನಪಾಯಿತು. ಅವನು ದಿನಾ ಹೋಗುತ್ತಿದ್ದ. ನನಗೆ ಸಿಗುತ್ತಿದ್ದದ್ದು ವಾರಕ್ಕೊಂದು ಸಲ. ಅವನು ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದರೂ ಅಜ್ಜಿ ತಟ್ಟೆ ಹಾಕಿ ಬಡಿಸುತ್ತಿದ್ದರು. ನಾನು ದೀಪ ಹಚ್ಚೋ ಹೊತ್ತಿಗೆ ಮನೆಯಲ್ಲಿರಬೇಕು, ರೊಟ್ಟಿಗೆ ಹಿಟ್ಟು ನಾದಬೇಕು. ಆ ಪಟ್ಟಿ ಅವನ ಚುರುಕುತನವನ್ನು ಅಳೆದೇ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೆ ಎಷ್ಟು ಹೊತ್ತು ಬಿಡುವು ಸಿಗುತ್ತಿತ್ತು ಅನ್ನೋದನ್ನ ಅಳೆದು ಬರೆದಿಟ್ಟಿತ್ತು.

ಆ ರಾತ್ರಿ ನಾನು ಅತ್ತೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ಆಟಗಾರರು ಒಂದು ಮಾತು ಹೇಳುತ್ತಾರೆ ಅಲ್ವಾ: ದುಡ್ಡು ಕೊಟ್ಟು ಪವರ್ ತಗೊಂಡರೆ ಮೋಸ, ಗ್ರೈಂಡ್ ಮಾಡಿ, ಅಂದರೆ ಮಾಡಿದ್ದನ್ನೇ ಗಂಟೆಗಟ್ಟಲೆ ಮಾಡಿ, ಪಡೆದರೆ ನ್ಯಾಯ. ಎಲ್ಲರಿಗೂ ದಿನಕ್ಕೆ 24 ಗಂಟೆಯೇ ತಾನೇ ಅಂತ. ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. 24 ಗಂಟೆ ಎಲ್ಲರ ಕೈಯಲ್ಲೂ ಒಂದೇ ಥರ ಇರಲ್ಲ. ನಿನ್ನ ಹಾಸ್ಟೆಲ್‌ನಲ್ಲಿ ಹತ್ತೂವರೆಗೆ ವೈಫೈ ಬಂದ್. ನಿನ್ನ ಗಿಲ್ಡ್‌ನವರು ಬಾಸ್ ಹೊಡೆಯೋದು ಹನ್ನೊಂದಕ್ಕೆ. ಇಷ್ಟರಲ್ಲೇ ಅರ್ಧ ತೀರ್ಮಾನ ಆಗಿಹೋಯಿತು.

ಹಾಗಂತ ಹೆಚ್ಚು ಆಡಿದವರಿಗೆ ಏನೂ ಸಿಗಬಾರದು ಅಂತ ನಾನು ಹೇಳುತ್ತಿಲ್ಲ. 60 ಮುಟ್ಟಿದ ದಿನ ನಿನ್ನ ಮಾಮ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದ. ಆ ಖುಷಿ ಸುಳ್ಳಲ್ಲ. ಲೆವೆಲ್‌ಗಳ ಏಣಿಯೇ ಇಲ್ಲದಿದ್ದರೆ ಆ ಖುಷಿಯೂ ಇರುತ್ತಿರಲಿಲ್ಲ. ನನ್ನ ತಕರಾರು ತುದಿ ಇಲ್ಲದ ಏಣಿಯ ಬಗ್ಗೆ. ತುದಿ ಇದ್ದರೆ ತಡವಾಗಿ ಬಂದವರೂ ಒಂದು ದಿನ ಮೇಲೆ ಹೋಗಿ ಪಕ್ಕದಲ್ಲಿ ನಿಲ್ಲಬಹುದು. ತುದಿಯೇ ಇಲ್ಲದಿದ್ದರೆ ಮೊದಲು ಹತ್ತಿದವರ ಕಾಲು ಮಾತ್ರ ಕಾಣುತ್ತಿರುತ್ತದೆ.

ರೂನ್‌ಸ್ಕೇಪ್‌ನ ಏಣಿ ಕಡಿದಾಗಿತ್ತು, ಆದರೆ ತುದಿ ಇತ್ತು. 99ನೇ ಲೆವೆಲ್. ಅದಕ್ಕೆ ಬೇಕಾದದ್ದು 1,30,34,431 ಎಕ್ಸ್‌ಪಿ. ಬರೀ ವಿಲೋ ಕಡಿದೇ ಹೋಗುತ್ತೇನೆ ಅಂದರೆ ಹತ್ತಿರ ಹತ್ತಿರ 1 ಲಕ್ಷ 93 ಸಾವಿರ ತುಂಡು. ಅದರ ಅರ್ಧ ದಾರಿ ಎಲ್ಲಿ ಬರುತ್ತದೆ ಗೊತ್ತಾ? 50ರಲ್ಲಿ ಅಲ್ಲ, 92ರಲ್ಲಿ. ಸುಮಾರು ಏಳು ಲೆವೆಲ್‌ಗೊಮ್ಮೆ ಬೇಕಾದದ್ದು ಎರಡು ಪಟ್ಟಾಗುತ್ತಾ ಹೋಗುತ್ತದೆ. ಇದರಿಂದ ಹೊಸಬರಿಗೆ ಒಂದು ಲಾಭ ಇದೆ. ಮುಂದೆ ಹೋದವರು ತೆವಳುತ್ತಿರುವಾಗ ಹಿಂದಿರುವವರು ಬೇಗ ಬೇಗ ಹತ್ತುತ್ತಾರೆ. 99 ಆದ ಮೇಲೂ ಎಕ್ಸ್‌ಪಿ 20 ಕೋಟಿ ತನಕ ಏರುತ್ತದೆ, ಆದರೆ ಕೊಡಲಿ ಅದರಿಂದ ಚುರುಕಾಗಲ್ಲ. ಬೇಕಾದವರು ಹೆಸರಿಗಾಗಿ ಓಡಲಿ. ಪಕ್ಕದಲ್ಲಿರುವವರಿಗೆ ಅದರಿಂದ ನಷ್ಟ ಇಲ್ಲ.

ಈ ಥರದ ಆಟಗಳ ಮೂಲದಲ್ಲೂ ತುದಿ ಇತ್ತು. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಷಾ ಮಡ್ ಅನ್ನೋ ಆಟ ಬರೆಯೋಕೆ ಶುರು ಮಾಡಿದರು. ರಿಚರ್ಡ್ ಬಾರ್ಟಲ್ ಜೊತೆ ಸೇರಿ ಅದನ್ನು ಬೆಳೆಸಿದರು. ಚಿತ್ರ ಇಲ್ಲ, ಬರೀ ಅಕ್ಷರ. ಪಾಯಿಂಟ್ ಕೂಡಿಸುತ್ತಾ ಹೋದರೆ ಕೊನೆಗೆ ಮಾಂತ್ರಿಕರಾಗುತ್ತಾರೆ. ಅಲ್ಲಿಗೆ ಗೆದ್ದ ಹಾಗೆ. ಆಮೇಲೆ ಆ ಲೋಕವನ್ನು ನೋಡಿಕೊಳ್ಳುವ ಶಕ್ತಿ ಸಿಗುತ್ತಿತ್ತು, ಇನ್ನಷ್ಟು ಹತ್ತುವ ಕೆಲಸ ಇರಲಿಲ್ಲ.

ತಿಂಗಳ ಚಂದಾದ ಆಟಗಳು ಬಂದ ಮೇಲೆ ಇದು ಬದಲಾಯಿತು. ಆಟ ಮುಗಿದರೆ ಚಂದಾ ನಿಲ್ಲುತ್ತದೆ. ಎವರ್‌ಕ್ವೆಸ್ಟ್ 1999ರಲ್ಲಿ ಬಂದಾಗ 50 ಲೆವೆಲ್, ಮರುವರ್ಷವೇ 60. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರಲ್ಲಿ 60ಕ್ಕೆ ನಿಂತಿತ್ತು. 2007ರಲ್ಲಿ 70, 2008ರಲ್ಲಿ 80, ಹಾಗೇ ಹೋಗಿ 2018ರಲ್ಲಿ 120. ಏಣಿ ಎಷ್ಟು ಉದ್ದ ಆಯಿತು ಅಂದರೆ 2020ರಲ್ಲಿ ಅವರೇ ಅದನ್ನು ಕತ್ತರಿಸಬೇಕಾಯಿತು. 120ರಲ್ಲಿದ್ದವರೆಲ್ಲ 50ಕ್ಕೆ ಇಳಿದರು. ಅಷ್ಟು ವರ್ಷ ಹತ್ತಿದವರಿಗೆ ಹೇಗನ್ನಿಸಿರಬೇಡ!

ಆದರೆ ಆ ಆಟದಲ್ಲೂ ಒಂದು ಒಳ್ಳೇದಿದೆ. ಹೊಸ ಕಂತು ಬಂದಾಗೆಲ್ಲ ಹಳೆಯ ಗೇರ್, ಅಂದರೆ ಕತ್ತಿ ಕವಚಗಳು, ಹಿಂದೆ ಬೀಳುತ್ತದೆ. ತಂಡ ಕಟ್ಟಿಕೊಂಡು ತಿಂಗಳುಗಟ್ಟಲೆ ರೇಡ್ ಮಾಡಿ ಪಡೆದ ಕತ್ತಿಗಿಂತ ಹೊಸ ಊರಿನ ಮಾಮೂಲಿ ಕತ್ತಿ ಚೆನ್ನಾಗಿರುತ್ತದೆ. ಹಳಬರಿಗೆ ಹೊಟ್ಟೆ ಉರಿಯುತ್ತದೆ, ನಿಜ. ನಿನ್ನ ಹಾಗೆ ನಡುವೆ ಬಿಟ್ಟು ಬಂದವರಿಗೆ ಅದೇ ಬಾಗಿಲು. ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಆ ಆಟ ಇನ್ನೂ ಪರೀಕ್ಷೆಯಲ್ಲಿದ್ದಾಗ, ತುಂಬಾ ಹೊತ್ತು ಆಡಿದರೆ ಸಿಗುವ ಎಕ್ಸ್‌ಪಿ ಕಡಿಮೆಯಾಗುತ್ತಿತ್ತು. ಆಟಗಾರರು ಬೈದರು. ಅದನ್ನೇ ತಿರುಗಿಸಿ, ಆಟ ಬಿಟ್ಟು ವಿಶ್ರಾಂತಿ ತಗೊಂಡು ಬಂದವರಿಗೆ ಎರಡು ಪಟ್ಟು ಎಕ್ಸ್‌ಪಿ ಅಂದರು. ಎಲ್ಲರಿಗೂ ಖುಷಿಯಾಯಿತು. ದೂರ ಹೋಗಿದ್ದವರನ್ನು "ಬಾ, ಕೂತ್ಕೋ" ಅಂತ ಬರಮಾಡಿಕೊಳ್ಳುವ ನಿಯಮ ಅದು.

ಅದೇ ಆಟದಲ್ಲಿ ಮೊದಮೊದಲು ಇದಕ್ಕೆ ಪೂರ್ತಿ ಉಲ್ಟಾ ಒಂದು ನಿಯಮವೂ ಇತ್ತು. ಬೇರೆ ಆಟಗಾರರ ಜೊತೆ ಕಾದಾಡಿ ಪದವಿ ಪಡೆಯೋದು, ಒಟ್ಟು 14 ಮೆಟ್ಟಿಲು. ನೀನು ಎಷ್ಟು ಗೆದ್ದೆ ಅನ್ನೋದಷ್ಟೇ ಸಾಲದು. ಆ ವಾರ ನಿನ್ನ ಸರ್ವರ್‌ನಲ್ಲಿ ಬೇರೆಯವರಿಗಿಂತ ಎಷ್ಟು ಜಾಸ್ತಿ ಅನ್ನೋದು ಲೆಕ್ಕ. ಒಂದು ವಾರ ತಪ್ಪಿಸಿದರೆ ಕೆಳಗೆ ಜಾರುತ್ತಿದ್ದರು. ತುದಿ ಮುಟ್ಟೋಕೆ ಎಷ್ಟೋ ಜನ ಪಾಳಿ ಹಾಕಿಕೊಂಡು ಒಂದೇ ಅಕೌಂಟನ್ನು ಹಗಲೂ ರಾತ್ರಿ ಓಡಿಸುತ್ತಿದ್ದರು. 2006ರ ಕೊನೆಗೆ ಅದನ್ನು ತೆಗೆದರು. ನೋಡು, ತುದಿ ಇದ್ದರೆ ಮಾತ್ರ ಸಾಲದು. ನಿಂತ ಕ್ಷಣ ಜಾರಿಸುವ ಏಣಿ ಇನ್ನೂ ಕೆಟ್ಟದ್ದು. ನಿನಗಾದದ್ದು ಇದೇ ಥರದ್ದು.

ಐಸ್‌ಲ್ಯಾಂಡ್‌ನವರ ಈವ್ ಆನ್‌ಲೈನ್ ಬಗ್ಗೆ ನಾನು ತುಂಬಾ ಯೋಚಿಸಿದ್ದೇನೆ. 2003ರಲ್ಲಿ ಬಂದದ್ದು, ಬಾಹ್ಯಾಕಾಶದ ಹಡಗುಗಳ ಆಟ. ಅಲ್ಲಿ ಸ್ಕಿಲ್ ಬೆಳೆಯೋದು ಗಡಿಯಾರದ ಪ್ರಕಾರ. ಒಂದನ್ನು ಆರಿಸಿಟ್ಟು ಮಲಗಿದರೂ ಬೆಳೆಯುತ್ತದೆ. ರೊಟ್ಟಿ ಬಡಿಯುವಾಗಲೂ ಬೆಳೆಯುತ್ತದೆ! ಇದನ್ನು ಮೊದಲ ಸಲ ಓದಿದಾಗ, 2005ರಲ್ಲಿ ನನಗೆ ಬೇಕಾಗಿದ್ದ ಆಟ ಇದೇ ಅನ್ನಿಸಿತು. ಆಮೇಲೆ ಹೊಳೆಯಿತು: ಗಡಿಯಾರ ಎಲ್ಲರಿಗೂ ಒಂದೇ ವೇಗದಲ್ಲಿ ಓಡಿದರೆ, ಮೊದಲ ದಿನ ಸೇರಿದವರನ್ನು ನಾಳೆ ಸೇರುವವರು ಯಾವತ್ತೂ ಹಿಡಿಯಲಾರರು. ಒಂದು ಅನ್ಯಾಯ ತೆಗೆಯೋಕೆ ಹೋಗಿ ಇನ್ನೊಂದು ಬಂತು. ಅದನ್ನು ಕಾಪಾಡಿದ್ದು ಮತ್ತೆ ತುದಿಯೇ. ಪ್ರತಿ ಸ್ಕಿಲ್‌ಗೂ ಐದೇ ಲೆವೆಲ್. ಒಂದು ಸಣ್ಣ ಹಡಗಿಗೆ ಬೇಕಾದ ಸ್ಕಿಲ್‌ಗಳನ್ನೆಲ್ಲ ಐದಕ್ಕೆ ತಂದರೆ, ಆ ಹಡಗಿನಲ್ಲಿ ಕೂತಾಗ ಹೊಸಬರೂ ಹಳಬರೂ ಸಮ. ಹಳಬರಿಗೆ ಬೇರೆ ಬೇರೆ ಹಡಗು ಓಡಿಸೋಕೆ ಬರುತ್ತದೆ, ಅಷ್ಟೇ. 2016ರಲ್ಲಿ ಸ್ಕಿಲ್ ಪಾಯಿಂಟ್ ಹಿಂಡಿ ತೆಗೆದು ಮಾರುವ ದಾರಿಯನ್ನೂ ತಂದರು. ದುಡ್ಡು ಒಳಗೆ ಬಂದದ್ದು ನನಗೆ ಇಷ್ಟವಾಗಲಿಲ್ಲ. ಆದರೂ ಅದರಲ್ಲೊಂದು ವಿವೇಕ ಇತ್ತು: ಹೊಚ್ಚ ಹೊಸಬರಿಗೆ 5 ಲಕ್ಷ ಪಾಯಿಂಟ್ ಪೂರ್ತಿ ಸಿಕ್ಕರೆ, ಈಗಾಗಲೇ 8 ಕೋಟಿ ದಾಟಿದವರಿಗೆ ಅದರಲ್ಲಿ ಒಂದೂವರೆ ಲಕ್ಷ ಮಾತ್ರ.

2005ರಲ್ಲೇ ಗಿಲ್ಡ್ ವಾರ್ಸ್ ಅಂತ ಒಂದು ಆಟ ಬಂತು. ತಿಂಗಳ ಚಂದಾ ಇಲ್ಲ. ಲೆವೆಲ್ 20ಕ್ಕೆ ಮುಗಿಯಿತು. ಬೇರೆಯವರ ಜೊತೆ ಕಾದಾಡೋಕೆ ಅಂತಲೇ ಮೊದಲ ದಿನವೇ 20ರ ಕ್ಯಾರೆಕ್ಟರ್ ಮಾಡಿಕೊಳ್ಳಬಹುದಿತ್ತು. ಅಲ್ಲಿಂದ ಮುಂದೆ ಯಾವ ಎಂಟು ಸ್ಕಿಲ್ ಆರಿಸಿಕೊಂಡೆ, ಜೊತೆಗಾರರ ಜೊತೆ ಹೇಗೆ ಹೊಂದಿಕೊಂಡೆ, ಅದೇ ಆಟ. ತುದಿ ಇಟ್ಟರೆ ಜನ ಬಿಟ್ಟು ಹೋಗುತ್ತಾರೆ ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಈಗ ನಿನ್ನ ಆಟಕ್ಕೆ ಬರುತ್ತೇನೆ. ಭಾನುವಾರ ರಾತ್ರಿ ನಾನೂ ಅದನ್ನು ಫೋನಿಗೆ ಹಾಕಿಕೊಂಡು ನೋಡಿದೆ. ಪವರ್ ಅನ್ನೋ ಒಂದೇ ಸಂಖ್ಯೆ ತಲೆಯ ಮೇಲೆ ಕೂತಿರುತ್ತದೆ. ಅದಕ್ಕೆ ಕೊನೆ ಇಲ್ಲ. ದಿನಾ ಲಾಗಿನ್ ಆದರೆ ಒಂದಿಷ್ಟು, ಪ್ಯಾಕ್ ಕೊಂಡರೆ ಇನ್ನಷ್ಟು. ಎರಡು ತಿಂಗಳು ಬಿಟ್ಟವರು ಸೇರಿಕೊಳ್ಳೋಕೆ ಯಾವ ದಾರಿಯೂ ನನಗೆ ಕಾಣಲಿಲ್ಲ. ನೀನು ಬಾಸ್‌ನ ಏಟು ತಪ್ಪಿಸಿಕೊಳ್ಳೋದನ್ನ ದಸರಾ ರಜೆಯಲ್ಲಿ ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನೆಲದ ಮೇಲೆ ಕೆಂಪು ಗೆರೆ ಮೂಡುವ ಮುಂಚೆಯೇ ನಿನ್ನ ಹೆಬ್ಬೆರಳು ಪಕ್ಕಕ್ಕೆ ಹೋಗಿರುತ್ತದೆ. ಆ ಕೈ ಎರಡು ತಿಂಗಳಲ್ಲಿ ಮರೆತಿಲ್ಲ. ಅದನ್ನು ಆ ಸಂಖ್ಯೆ ಲೆಕ್ಕಕ್ಕೇ ತಗೊಳ್ಳಲ್ಲ.

ಗಿಲ್ಡ್‌ನ ಗೆಳತಿಯರ ಮೇಲೆ ಜಾಸ್ತಿ ಸಿಟ್ಟು ಮಾಡಿಕೊಳ್ಳಬೇಡ. ನಿನ್ನನ್ನು ಕರೆದರೆ ಅವರ ಬಹುಮಾನ ಕಡಿಮೆಯಾಗುತ್ತದೆ, ನಿಯಮ ಹಾಗಿದೆ. ನಿನ್ನನ್ನು ಬಿಡುವಂತೆ ಅದು ಅವರನ್ನೂ ತಳ್ಳುತ್ತಿದೆ. ಅವರಲ್ಲಿ ಒಬ್ಬಳ ಜೊತೆಯಾದರೂ ಆಟದ ಹೊರಗೆ ಮಾತಾಡಿ ನೋಡು.

ಒಂದು ವಿಷಯ ಬಾಕಿ. ರೂನ್‌ಸ್ಕೇಪ್‌ನ ಹಳೆಯ ರೂಪವನ್ನು 2013ರಲ್ಲಿ ಮತ್ತೆ ತಂದಿದ್ದಾರೆ, ಓಲ್ಡ್ ಸ್ಕೂಲ್ ಅಂತ. ಈಗ ಫೋನಿನಲ್ಲೂ ಸಿಗುತ್ತದೆ. ಸೋಮವಾರ ಹೊಸ ಅಕೌಂಟ್ ಮಾಡಿದೆ. ಡ್ರೇನರ್ ಹಾಗೇ ಇದೆ, ನೀರಿನ ಅಂಚಿಗೆ ಅದೇ ಮರಗಳು. ಒಂದು ಮಾತ್ರ ಬದಲಾಗಿದೆ. 2023ರಿಂದ ವಿಲೋ ಥರದ ಮರವನ್ನು ಜೊತೆಯಲ್ಲಿ ನಿಂತು ಕಡಿದರೆ, ಇಬ್ಬರಿಗೂ ತುಂಡು ಬೇಗ ಸಿಗುವ ಹಾಗೆ ಮಾಡಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರು ಬಂದು ನಿಂತರೆ ಈಗ ಲಾಭ.

ನನಗೆ ನಿನ್ನೆ ರಾತ್ರಿಗೆ 30 ಆಯಿತು. ವಿಲೋ ಕಡಿಯೋಕೆ ಅಷ್ಟು ಸಾಕು. ಈ ವಾರ ನೀನೂ ಒಂದು ಅಕೌಂಟ್ ಮಾಡಿ 30ಕ್ಕೆ ಬಾ. ಅವಸರ ಇಲ್ಲ, ನಾನು ಕಾಯುತ್ತೇನೆ. ಶನಿವಾರ ಎಂಟೂವರೆಗೆ, ನಿನ್ನ ವೈಫೈ ಹೋಗುವ ಮುಂಚೆ, ಬ್ಯಾಂಕಿನ ಹತ್ತಿರ ನಿಂತಿರುತ್ತೇನೆ. ಈಗ ರೊಟ್ಟಿ ನಿನ್ನ ಅಪ್ಪ ಮಾಡುತ್ತಾರೆ, ನನಗೆ ಹೊತ್ತಿದೆ.

ನಿನ್ನ
ಅಮ್ಮ